‘ಸರ್ವರ್ ಇಲ್ಲ’ ಅನ್ನುವ ಮುಂಚೆ: ಒಂದು ಲ್ಯಾನ್ ವೈರಿನ ಚರಿತ್ರೆ

ನಾಡಕಚೇರಿ, ಗ್ರಾಮ ಪಂಚಾಯ್ತಿ, ಸೊಸೈಟಿ, ಬ್ಯಾಂಕಿನ ಶಾಖೆ, ಎಲ್ಲೇ ಹೋಗಿ, ಕಿಟಕಿಯ ಆಚೆಯಿಂದ ಬರುವ ಉತ್ತರ ಎರಡೇ ಪದ: ‘ಸರ್ವರ್ ಇಲ್ಲ’. ಹಿಂದೆ ‘ಸಾಹೇಬ್ರಿಲ್ಲ’ ಅನ್ನುತ್ತಿದ್ದರು. ಆಗ ಸಾಹೇಬರು ಎಲ್ಲಿಗೆ ಹೋಗಿದ್ದಾರೆ, ಎಷ್ಟೊತ್ತಿಗೆ ಬರುತ್ತಾರೆ ಎಂದಾದರೂ ಕೇಳಬಹುದಿತ್ತು. ಸರ್ವರ್ ವಿಷಯದಲ್ಲಿ ಅದಕ್ಕೂ ದಾರಿಯಿಲ್ಲ. ಅದು ಎಲ್ಲಿದೆ ಅಂತ ಕೇಳುವವರಿಗೂ ಗೊತ್ತಿಲ್ಲ, ಹೇಳುವವರಿಗೂ ಗೊತ್ತಿಲ್ಲ. ಕೂಲಿ ಬಿಟ್ಟು ಬಂದವರು ಮರುದಿನ ಮತ್ತೊಂದು ಕೂಲಿ ಬಿಟ್ಟು ಬರಬೇಕು, ಅಷ್ಟೆ.

ಜಿಲ್ಲೆ ತಿರುಗುವ ನಮಗೆ ಒಂದು ಸಂಗತಿ ಮೇಲಿಂದ ಮೇಲೆ ಕಾಣುತ್ತದೆ. ಈ ಊರಲ್ಲಿ ಸರ್ವರ್ ಇಲ್ಲ ಅಂದ ಹೊತ್ತಿನಲ್ಲೇ ಎಂಟು ಕಿಲೋಮೀಟರ್ ಆಚೆಯ ಪಂಚಾಯ್ತಿಯಲ್ಲಿ ಅದೇ ಸಾಫ್ಟ್‌ವೇರ್ ಸರಾಗವಾಗಿ ಓಡುತ್ತಿರುತ್ತದೆ. ಅಂದರೆ ಸರ್ವರ್ ಇದೆ. ಇಲ್ಲದಿರುವುದು ಇನ್ನೇನೋ. ಎಷ್ಟೋ ಸಲ ಅದು ಗೋಡೆಯ ಪೆಟ್ಟಿಗೆಯಿಂದ ಮೇಜಿನ ಕಂಪ್ಯೂಟರಿನವರೆಗೆ ಬರುವ ಹತ್ತಿಪ್ಪತ್ತು ಅಡಿಯ ಲ್ಯಾನ್ ವೈರು, ಇಲ್ಲವೇ ಆ ವೈರಿಗೆ ಸಂಬಂಧಪಟ್ಟ ನಾಲ್ಕಾರು ಅಂಕಿಗಳು.

ಈ ವೈರಿಗೆ ಐವತ್ತು ವರ್ಷದ ಇತಿಹಾಸವಿದೆ. ಕಂಪ್ಯೂಟರಿಗೆ ವೈರ್ ಚುಚ್ಚಿ ನೆಟ್‌ವರ್ಕ್ ಸೆಟ್ ಮಾಡುವಾಗ ಎದುರಾಗುವ ಒಂದೊಂದು ಹೆಜ್ಜೆಯನ್ನೂ ಯಾರೋ, ಯಾವುದೋ ಕಷ್ಟಕ್ಕೆ ಸಿಕ್ಕಿ, ಒಂದು ನಿರ್ದಿಷ್ಟ ವರ್ಷದಲ್ಲಿ ಹುಡುಕಿದ್ದಾರೆ. ಅದು ಗೊತ್ತಾದರೆ ‘ಸರ್ವರ್ ಇಲ್ಲ’ ಎಂಬ ಒಂದು ಮಾತಿನೊಳಗೆ ಐದಾರು ಬೇರೆ ಬೇರೆ ಮಾತುಗಳು ಅಡಗಿರುವುದು ಕಾಣುತ್ತದೆ. ಅದಕ್ಕೇ ಈ ಬರಹ.

ಕತೆ ಶುರುವಾಗುವುದು ತಂತಿಯೇ ಇಲ್ಲದ ಕಡೆ. ಹವಾಯಿ ವಿಶ್ವವಿದ್ಯಾಲಯದ ಕ್ಯಾಂಪಸ್ಸುಗಳು ಬೇರೆ ಬೇರೆ ದ್ವೀಪಗಳಲ್ಲಿ ಚೆದುರಿದ್ದವು. ದೊಡ್ಡ ಕಂಪ್ಯೂಟರ್ ಇದ್ದದ್ದು ಹೊನೊಲುಲು ಊರಿನಲ್ಲಿ. ಫೋನ್ ಲೈನಿನ ಮೇಲೆ ಡೇಟಾ ಕಳಿಸುವುದು ದುಬಾರಿ, ಜೊತೆಗೆ ನಂಬಿಕೆಗೆ ಅರ್ಹವಲ್ಲ. ನಾರ್ಮನ್ ಅಬ್ರಾಮ್ಸನ್ ಎಂಬ ಪ್ರಾಧ್ಯಾಪಕರು ತಮ್ಮ ಸಂಗಡಿಗರ ಜೊತೆ ಸೇರಿ ರೇಡಿಯೊ ಮೇಲೆ ಕಳಿಸುವ ಏರ್ಪಾಟು ಮಾಡಿದರು. 1971ರಲ್ಲಿ ಅದು ಕೆಲಸ ಶುರು ಮಾಡಿತು. ಹೆಸರು ಅಲೋಹಾನೆಟ್. ಯಾರು ಯಾವಾಗ ಮಾತಾಡಬೇಕೆಂದು ಹೇಳುವ ಯಜಮಾನ ಅದರಲ್ಲಿ ಇರಲಿಲ್ಲ. ಕಳಿಸಬೇಕು ಅನ್ನಿಸಿದಾಗ ಕಳಿಸು. ‘ತಲುಪಿತು’ ಅಂತ ಉತ್ತರ ಬಂದರೆ ಸರಿ. ಬಾರದಿದ್ದರೆ ಇನ್ನೊಬ್ಬರ ಮಾತಿಗೆ ನಿನ್ನ ಮಾತು ಡಿಕ್ಕಿಯಾಗಿದೆ ಎಂದರ್ಥ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಳಿಸು. ಆ ‘ಸ್ವಲ್ಪ ಹೊತ್ತು’ ಎಷ್ಟು ಎಂಬುದನ್ನು ಪ್ರತಿ ಯಂತ್ರವೂ ಲಾಟರಿ ಎತ್ತಿದ ಹಾಗೆ ಆರಿಸಿಕೊಳ್ಳುತ್ತಿತ್ತು. ಇಲ್ಲದಿದ್ದರೆ ಇಬ್ಬರೂ ಒಂದೇ ಕ್ಷಣಕ್ಕೆ ಮತ್ತೆ ಬಾಯಿ ತೆರೆಯುತ್ತಿದ್ದರಲ್ಲ!

ವ್ಯವಸ್ಥೆ ಚಂದವೇ, ಆದರೆ ಲೆಕ್ಕ ಹಾಕಿದಾಗ ಅದರ ಮಿತಿಯೂ ಗೊತ್ತಾಯಿತು. ದಟ್ಟಣೆ ಹೆಚ್ಚಾದಾಗ ದಾರಿಯ ಶೇ 18ರಷ್ಟು ಮಾತ್ರ ಕೆಲಸಕ್ಕೆ ಬರುತ್ತಿತ್ತು, ಉಳಿದದ್ದು ಡಿಕ್ಕಿಯಲ್ಲಿ ಇಲ್ಲವೇ ಖಾಲಿ ಹೊತ್ತಿನಲ್ಲಿ ಹಾಳು.

ಅಬ್ರಾಮ್ಸನ್ ಬರೆದ ಲೇಖನ 1972ರಲ್ಲಿ ಬಾಬ್ ಮೆಟ್ಕಾಫ್ ಎಂಬ ಯುವಕನ ಕೈಗೆ ಸಿಕ್ಕಿತು. ಆಗಷ್ಟೇ ಹಾರ್ವರ್ಡ್ ವಿಶ್ವವಿದ್ಯಾಲಯ ಆತನ ಪಿಎಚ್.ಡಿ ಪ್ರಬಂಧವನ್ನು ಸಿದ್ಧಾಂತ ಸಾಲದು ಎಂದು ತಿರಸ್ಕರಿಸಿತ್ತು. ಕ್ಯಾಲಿಫೋರ್ನಿಯಾದಲ್ಲಿ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾತ್ರ ಗಟ್ಟಿಯಾಗಿತ್ತು. ಅಲೋಹಾ ಲೆಕ್ಕದಲ್ಲಿ ಮನುಷ್ಯರ ಸ್ವಭಾವವನ್ನು ಸರಿಯಾಗಿ ಹಿಡಿದಿಲ್ಲ ಅಂತ ಮೆಟ್ಕಾಫ್‌ಗೆ ಅನ್ನಿಸಿತು: ಉತ್ತರ ಬಾರದಿದ್ದರೂ ಜನ ಟೈಪ್ ಮಾಡುತ್ತಲೇ ಇರುತ್ತಾರೆ ಎಂದು ಅದು ನಂಬಿತ್ತು. ಯಾರು ಹಾಗೆ ಮಾಡುತ್ತಾರೆ? ಕಾಯುತ್ತಾರೆ. ಈ ತಿದ್ದುಪಡಿಯ ಗಣಿತ ಸೇರಿಸಿದ ಪ್ರಬಂಧಕ್ಕೆ 1973ರಲ್ಲಿ ಡಾಕ್ಟರೇಟ್ ಸಿಕ್ಕಿತು. ನಮ್ಮಲ್ಲಿ ಪ್ರಬಂಧ ವಾಪಸ್ ಬಂದು ಕೈಚೆಲ್ಲಿ ಕುಳಿತ ಸ್ನೇಹಿತರು ಇದ್ದಾರೆ, ಅವರಿಗಾಗಿ ಇಷ್ಟು ವಿವರ.

ಜೆರಾಕ್ಸ್‌ನಲ್ಲಿ ಆಗ ಆಲ್ಟೊ ಎಂಬ ಕಂಪ್ಯೂಟರ್ ತಯಾರಾಗುತ್ತಿತ್ತು. ಪ್ರತಿಯೊಬ್ಬರ ಮೇಜಿನ ಮೇಲೆ ಒಂದು ಕಂಪ್ಯೂಟರ್ ಅನ್ನುವುದೇ ಆ ಕಾಲಕ್ಕೆ ಹುಚ್ಚು ಯೋಚನೆ. ಅದೇ ಕಟ್ಟಡದಲ್ಲಿ ಲೇಸರ್ ಪ್ರಿಂಟರೂ ತಯಾರಾಗುತ್ತಿತ್ತು. ಇರುವುದು ಒಂದು ಪ್ರಿಂಟರ್, ಅದನ್ನು ಎಲ್ಲ ಆಲ್ಟೊಗಳೂ ಹಂಚಿಕೊಳ್ಳಬೇಕು. ಲ್ಯಾನ್ ಎಂಬುದು ಹುಟ್ಟಿದ್ದು ಜಗತ್ತನ್ನು ಒಂದು ಮಾಡಲಿಕ್ಕಲ್ಲ ಸ್ವಾಮಿ, ಪ್ರಿಂಟ್ ತೆಗೆಯಲಿಕ್ಕೆ! ಇವತ್ತಿಗೂ ಬಹಳಷ್ಟು ಆಫೀಸುಗಳಲ್ಲಿ ಲ್ಯಾನ್ ವೈರ್ ಎಳೆಸುವುದು ಅದಕ್ಕೇ.

1973ರ ಮೇ 22ರಂದು ಮೆಟ್ಕಾಫ್ ಒಂದು ಟಿಪ್ಪಣಿ ಬರೆದು ಆಫೀಸಿನಲ್ಲಿ ಹಂಚಿದರು. ‘ಈಥರ್‌ನೆಟ್’ ಎಂಬ ಹೆಸರು ಬಂದದ್ದು ಅದರಲ್ಲಿ. ಬೆಳಕು ಹರಿಯಲು ಎಲ್ಲೆಡೆ ‘ಈಥರ್’ ಎಂಬ ಕಣ್ಣಿಗೆ ಕಾಣದ ಮಾಧ್ಯಮ ತುಂಬಿದೆ ಎಂದು ಹಿಂದಿನ ವಿಜ್ಞಾನಿಗಳು ನಂಬಿದ್ದರು. 1887ರ ಮೈಕೆಲ್ಸನ್–ಮಾರ್ಲಿ ಪ್ರಯೋಗದ ನಂತರ ಆ ನಂಬಿಕೆ ಸಡಿಲವಾಗುತ್ತಾ ಬಂತು. ಭೌತಶಾಸ್ತ್ರ ಬಿಸಾಡಿದ ಪದವನ್ನು ಮೆಟ್ಕಾಫ್ ಎತ್ತಿಕೊಂಡು ಒಂದು ತಂತಿಗೆ ಇಟ್ಟರು. ಡೇವಿಡ್ ಬಾಗ್ಸ್ ಎಂಬ ಎಲೆಕ್ಟ್ರಾನಿಕ್ಸ್ ಕೈಚಳಕದ ಹುಡುಗ ಜೊತೆಯಾದ. ಇಬ್ಬರೂ ಸೇರಿ ಮಾಡಿದ ಜಾಲ ಅದೇ ವರ್ಷ ನವೆಂಬರಿನಲ್ಲಿ ಕೆಲಸ ಮಾಡಿತು, ಸೆಕೆಂಡಿಗೆ 2.94 ಮೆಗಾಬಿಟ್ ವೇಗದಲ್ಲಿ.

ಅಲೋಹಾಗಿಂತ ಇಲ್ಲಿ ಎರಡು ಹೊಸ ನಿಯಮ ಬಂದವು. ಒಂದು, ಮಾತಾಡುವ ಮುಂಚೆ ಕಿವಿಗೊಡು, ತಂತಿಯ ಮೇಲೆ ಬೇರೆಯವರ ಮಾತು ನಡೆಯುತ್ತಿದ್ದರೆ ಸುಮ್ಮನಿರು. ಎರಡು, ಮಾತಾಡುತ್ತಿರುವಾಗಲೂ ಕಿವಿಗೊಡು, ಡಿಕ್ಕಿ ಆಯಿತೆಂದು ತಿಳಿದ ಕೂಡಲೇ ನಿಲ್ಲಿಸು, ಮತ್ತೆ ಮತ್ತೆ ಡಿಕ್ಕಿಯಾಗುತ್ತಿದ್ದರೆ ಪ್ರತಿ ಸಲವೂ ಹಿಂದಿಗಿಂತ ಹೆಚ್ಚು ಹೊತ್ತು ಕಾಯಲು ತಯಾರಿರು. ನಾವು ವರದಿಗೆಂದು ಕುಳಿತ ಗ್ರಾಮಸಭೆಗಳಲ್ಲಿ ಈ ಎರಡು ನಿಯಮ ಪಾಲನೆಯಾಗಿದ್ದರೆ ಮಧ್ಯಾಹ್ನದೊಳಗೆ ಮನೆ ಸೇರಬಹುದಿತ್ತು.

1980ರಲ್ಲಿ ಡಿಜಿಟಲ್, ಇಂಟೆಲ್, ಜೆರಾಕ್ಸ್ ಮೂರೂ ಕಂಪನಿಗಳು ಸೇರಿ 10 ಮೆಗಾಬಿಟ್ ಈಥರ್‌ನೆಟ್ಟಿನ ವಿವರಗಳನ್ನು ಪ್ರಕಟಿಸಿದವು. 1983ರಲ್ಲಿ ಅದು ಐಇಇಇ ಎಂಬ ಎಂಜಿನಿಯರುಗಳ ಸಂಸ್ಥೆಯ ಅಧಿಕೃತ ಮಾನಕವಾಯಿತು. ಐಬಿಎಂ ಬೆನ್ನಿಗೆ ನಿಂತಿದ್ದ ಟೋಕನ್ ರಿಂಗ್ ಎಂಬ ಪ್ರತಿಸ್ಪರ್ಧಿಯೂ ಇತ್ತು. ಅದರಲ್ಲಿ ಟೋಕನ್ ಕೈಗೆ ಬಂದವರಿಗೆ ಮಾತ್ರ ಮಾತು. ಶಿಸ್ತಿನಲ್ಲಿ ಅದೇ ಮೇಲು ಅಂತ ವಾದಿಸಿದವರು ಬಹಳ ಮಂದಿ. ಮಾರುಕಟ್ಟೆಯಲ್ಲಿ ಗೆದ್ದದ್ದು ಅಗ್ಗದ್ದು, ಯಾರು ಬೇಕಾದರೂ ತಯಾರಿಸಬಹುದಾಗಿದ್ದದ್ದು.

ಆ ಕಾಲದ ತಂತಿಯನ್ನು ನೋಡಿದರೆ ಇವತ್ತಿನವರು ಅದನ್ನು ಲ್ಯಾನ್ ವೈರ್ ಅನ್ನಲಾರರು. ಬೆರಳು ಗಾತ್ರದ, ಬಗ್ಗಿಸಲು ಕಷ್ಟವಾದ, ಹೆಚ್ಚಾಗಿ ಹಳದಿ ಬಣ್ಣದ ಕೇಬಲ್. ಒಂದು ತುಂಡು ಗರಿಷ್ಠ 500 ಮೀಟರ್. ಮೇಲೆ ಎರಡೂವರೆ ಮೀಟರಿಗೊಂದು ಗುರುತು. ಹೊಸ ಕಂಪ್ಯೂಟರ್ ಸೇರಿಸಬೇಕೆಂದರೆ ಆ ಗುರುತಿನ ಜಾಗದಲ್ಲಿ ಕೇಬಲಿನ ಮೈ ಕೊರೆದು, ಒಳಗಿನ ತಾಮ್ರಕ್ಕೆ ಮೊಳೆ ತಾಗುವ ಹಾಗೆ ಒಂದು ಕ್ಲಾಂಪ್ ಬಿಗಿಯಬೇಕು. ಅದಕ್ಕೆ ರಕ್ತಪಿಶಾಚಿ ಕ್ಲಾಂಪ್ ಅನ್ನುತ್ತಿದ್ದರು. ಕೊರೆಯುವಾಗ ಕೈ ತಪ್ಪಿ ಒಳತಂತಿ ಹೊರಕವಚಕ್ಕೆ ತಾಗಿತೋ, ಆ ಕೇಬಲಿನ ಎಲ್ಲ ಕಂಪ್ಯೂಟರೂ ಮೂಕ.

ಮುಂದೆ ಬಂದದ್ದು ತೆಳ್ಳಗಿನ ಕಪ್ಪು ಕೇಬಲ್, ಟಿವಿ ಕೇಬಲ್ ಥರದ್ದು. ಗರಿಷ್ಠ 185 ಮೀಟರ್. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹಾರ ಪೋಣಿಸಿದಂತೆ ಹೋಗುತ್ತಿತ್ತು. ಪ್ರತಿ ಕಂಪ್ಯೂಟರಿನ ಹಿಂದೆ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ಕನೆಕ್ಟರ್, ಹಾರದ ಎರಡೂ ತುದಿಗೆ 50 ಓಮ್‌ನ ಮುಚ್ಚಳ. 90ರ ದಶಕದಲ್ಲಿ ಭಾರತದ ಆಫೀಸುಗಳಲ್ಲಿ, ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ನೋವೆಲ್ ನೆಟ್‌ವೇರ್ ಕಲಿತವರಿಗೆ ಇದು ಚೆನ್ನಾಗಿ ನೆನಪಿರುತ್ತದೆ. ಕಸ ಗುಡಿಸುವಾಗ ಒಬ್ಬರ ಕಾಲು ತಾಗಿ ಒಂದು ಮುಚ್ಚಳ ಸಡಿಲವಾದರೂ ಇಡೀ ಕೋಣೆಯ ಕೆಲಸ ನಿಲ್ಲುತ್ತಿತ್ತು. ಎಲ್ಲಿ ಸಡಿಲವಾಗಿದೆ ಅಂತ ಹುಡುಕಲು ಒಂದೊಂದೇ ಮೇಜಿನ ಕೆಳಗೆ ತೂರಬೇಕು. ಒಬ್ಬರ ತಪ್ಪಿಗೆ ಊರಿಗೆಲ್ಲ ದಂಡ.

ಈ ಕಷ್ಟದಿಂದ ಪಾರು ಮಾಡಿದ್ದು ಟೆಲಿಫೋನಿನ ತಂತಿ. ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ಜೋಡಿ ಮಾಡುವ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದರು. ಹೊಸೆದಾಗ ಹೊರಗಿನ ಗದ್ದಲ ಎರಡೂ ತಂತಿಗೆ ಹೆಚ್ಚುಕಡಿಮೆ ಸಮನಾಗಿ ತಾಗುತ್ತದೆ. ಕೇಳಿಸಿಕೊಳ್ಳುವ ತುದಿಯಲ್ಲಿ ಎರಡರ ನಡುವಿನ ವ್ಯತ್ಯಾಸವನ್ನಷ್ಟೇ ನೋಡಿದರೆ ಗದ್ದಲ ವಜಾ ಆಗುತ್ತದೆ. ಅಮೆರಿಕದ ಆಫೀಸ್ ಕಟ್ಟಡಗಳ ಗೋಡೆಗಳಲ್ಲಿ ಇಂಥ ಫೋನ್ ವೈರು ಮೊದಲೇ ತುಂಬಿತ್ತು. ಅದರ ಮೇಲೆ ಈಥರ್‌ನೆಟ್ ಓಡಿಸುವ ಪ್ರಯತ್ನಗಳು 80ರ ದಶಕದ ನಡುವಿನಲ್ಲಿ ಶುರುವಾಗಿ 1990ರಲ್ಲಿ ಮಾನಕವಾದವು. ಹಾರ ಹೋಗಿ ನಕ್ಷತ್ರ ಬಂತು: ನಡುವೆ ಒಂದು ಹಬ್, ಪ್ರತಿ ಕಂಪ್ಯೂಟರಿಗೂ ಅದರಿಂದ ಪ್ರತ್ಯೇಕ ವೈರು, ಉದ್ದ 100 ಮೀಟರ್ ಮೀರಬಾರದು. ಒಬ್ಬರ ವೈರ್ ಕಿತ್ತರೆ ಅವರದ್ದು ಮಾತ್ರ ಹೋಗುತ್ತದೆ. ಆಮೇಲೆ ಹಬ್ಬಿನ ಜಾಗಕ್ಕೆ ಸ್ವಿಚ್ ಬಂತು. ಅದು ಯಾರ ಮಾತು ಯಾರಿಗೆ ಹೋಗಬೇಕೋ ಅವರಿಗಷ್ಟೇ ಕೊಡುವುದರಿಂದ ಡಿಕ್ಕಿಯ ಪ್ರಶ್ನೆಯೇ ಹೋಯಿತು. ಮೆಟ್ಕಾಫ್ ಬರೆದ ಮೂಲ ನಿಯಮಕ್ಕೆ ಇವತ್ತಿನ ವೈರಿನಲ್ಲಿ ಕೆಲಸವಿಲ್ಲ, ಹೆಸರು ಮಾತ್ರ ಉಳಿದಿದೆ.

ಫೋನಿನ ಈ ಋಣ ಇವತ್ತು ನಮ್ಮ ಊರುಗಳಲ್ಲಿ ಬಹಳ ತೊಂದರೆ ಕೊಡುತ್ತಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಲ್ಯಾನ್ ವೈರಿನ ಒಳಗೆ ಎಂಟು ತಂತಿ, ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿ ಬಣ್ಣಕ್ಕೂ ಬಿಳಿ ಪಟ್ಟೆಯ ಒಬ್ಬ ಜೊತೆಗಾರ. ಅದನ್ನು ಆರ್‌ಜೆ-45 ಕನೆಕ್ಟರಿನ ಎಂಟು ಹಲ್ಲುಗಳಿಗೆ ಸೇರಿಸಬೇಕು. ಯಾರಿಗೇ ಕೊಟ್ಟರೂ ಸಹಜವಾಗಿ ಒಂದು–ಎರಡಕ್ಕೆ ಒಂದು ಜೋಡಿ, ಮೂರು–ನಾಲ್ಕಕ್ಕೆ ಇನ್ನೊಂದು, ಹೀಗೆ ಸಾಲಾಗಿ ಕೂರಿಸುತ್ತಾರೆ. ಆದರೆ ನಿಯಮ ಹಾಗಿಲ್ಲ. ಫೋನಿನ ಜ್ಯಾಕಿನಲ್ಲಿ ಮಾತು ಹರಿಯುವುದು ನಟ್ಟನಡುವಿನ ಎರಡು ಹಲ್ಲುಗಳಲ್ಲಿ, ಅಂದರೆ ನಾಲ್ಕು ಮತ್ತು ಐದರಲ್ಲಿ. ಆ ಜಾಗವನ್ನು ಫೋನಿಗೆ ಬಿಟ್ಟುಕೊಟ್ಟು ಈಥರ್‌ನೆಟ್ ಒಂದು–ಎರಡು ಮತ್ತು ಮೂರು–ಆರನ್ನು ಆರಿಸಿಕೊಂಡಿತು. ಹಾಗಾಗಿ ಹಸಿರು ಜೋಡಿ ಮಧ್ಯದ ನೀಲಿ ಜೋಡಿಯನ್ನು ಆಚೆ ಈಚೆ ತಬ್ಬಿಕೊಂಡಂತೆ ಕೂರಬೇಕು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ‘ಬಿ’ ಕ್ರಮ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ‘ಎ’ ಕ್ರಮದಲ್ಲಿ ಕಿತ್ತಳೆ ಮತ್ತು ಹಸಿರು ಅದಲುಬದಲು, ಅಷ್ಟೆ.

ಎರಡೂ ತುದಿಯಲ್ಲಿ ಒಂದೇ ಕ್ರಮ ಇದ್ದರೆ ಸಾಕು, ಬಣ್ಣ ಯಾವುದಾದರೇನು ಅಂತ ವೈರ್ ಕ್ರಿಂಪ್ ಮಾಡುವ ಹುಡುಗರು ವಾದಿಸುತ್ತಾರೆ. ಅವರ ಕೈಯಲ್ಲಿರುವ ಅಗ್ಗದ ಟೆಸ್ಟರ್ ಕೂಡ ಅವರ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಒಂದರಿಂದ ಎಂಟರವರೆಗೆ ದೀಪಗಳು ಸಾಲಾಗಿ ಹತ್ತುತ್ತವೆ. ಆದರೆ ಆ ಟೆಸ್ಟರ್ ನೋಡುವುದು ಈ ತುದಿಯ ತಾಮ್ರ ಆ ತುದಿಗೆ ಮುಟ್ಟಿದೆಯೇ ಎಂಬುದನ್ನು ಮಾತ್ರ. ಮೂರಕ್ಕೂ ಆರಕ್ಕೂ ಒಂದೇ ಜೋಡಿಯ ತಂತಿ ಹೋಗಿದೆಯೇ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಸಾಲಾಗಿ ಕೂರಿಸಿದಾಗ ಮೂರನೆಯದಕ್ಕೆ ಒಂದು ಜೋಡಿಯವನು, ಆರನೆಯದಕ್ಕೆ ಬೇರೆ ಜೋಡಿಯವನು. ಹೊಸೆದದ್ದರ ಲಾಭವೇ ಹೋಯಿತು. ಬೆಲ್ 1881ರಲ್ಲಿ ಪರಿಹರಿಸಿದ್ದ ಕಷ್ಟ ನಮ್ಮ ಪಂಚಾಯ್ತಿಯಲ್ಲಿ ಮತ್ತೆ ಹಾಜರ್.

ಇಂಥ ವೈರ್ ಪೂರ್ತಿ ಸಾಯುವುದಿಲ್ಲ ಎನ್ನುವುದೇ ಅದರ ದೊಡ್ಡ ಕೇಡು. ಚಿಕ್ಕದಾಗಿದ್ದರೆ ಕೆಲಸ ಮಾಡುತ್ತದೆ. ದೀಪ ಹತ್ತುತ್ತದೆ. ಪುಟವೂ ತೆರೆಯುತ್ತದೆ. ಕೆಲಸದ ಒತ್ತಡ ಹೆಚ್ಚಿ ದೊಡ್ಡ ಫೈಲ್ ಏರಿಸುವ ಹೊತ್ತಿಗೆ ಕಳಿಸಿದ್ದು ಕಳೆದುಹೋಗುತ್ತದೆ, ಮತ್ತೆ ಕಳಿಸುತ್ತದೆ, ಮತ್ತೆ ಕಳೆದುಹೋಗುತ್ತದೆ. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಆಪರೇಟರ್ ಪ್ರಾಮಾಣಿಕವಾಗಿಯೇ ಹೇಳುತ್ತಾರೆ: ‘ಸರ್ವರ್ ಭಾಳ ಸ್ಲೋ ಐತ್ರಿ, ಸಂಜಿಗೆ ಬರ್ರಿ’. ಆ ಮಾತಿನಲ್ಲಿ ಸುಳ್ಳಿಲ್ಲ, ಆದರೆ ಬೆಂಗಳೂರಿನ ಯಂತ್ರದ ಮೇಲೆ ಹೊರಿಸಿದ ಆರೋಪ ನಿಜವಾಗಿ ಸೇರಬೇಕಾದದ್ದು ಟೀ ದುಡ್ಡಿಗೆ ಸಿಗುವ ಎರಡು ಕನೆಕ್ಟರುಗಳಿಗೆ.

ಗಿಗಾಬಿಟ್ ವೇಗ 1999ರಲ್ಲಿ ಈ ತಾಮ್ರದ ವೈರಿಗೆ ಬಂತು. ಅದಕ್ಕೆ ನಾಲ್ಕೂ ಜೋಡಿ ಬೇಕು. ಹಿಂದಿನ 10 ಮತ್ತು 100 ಮೆಗಾಬಿಟ್ ವೇಗಕ್ಕೆ ಎರಡು ಜೋಡಿ ಸಾಕಾಗಿತ್ತು. ಇಲಿ ಕಡಿದು ನೀಲಿ ಅಥವಾ ಕಂದು ತಂತಿ ಒಂದು ಹೋದರೆ ಹಲವು ಯಂತ್ರಗಳು ತಾವಾಗಿಯೇ 100ಕ್ಕೆ ಇಳಿದು ಸುಮ್ಮನೆ ಕೆಲಸ ಮುಂದುವರಿಸುತ್ತವೆ, ಕೆಲವು ತಡವರಿಸುತ್ತವೆ. ಹಾಗೆಯೇ ಎರಡು ಕಂಪ್ಯೂಟರನ್ನು ನೇರವಾಗಿ ಜೋಡಿಸಲು ಹಿಂದೆ ಕ್ರಾಸ್ ಕೇಬಲ್ ಎಂಬ ಬೇರೆ ವೈರೇ ಬೇಕಿತ್ತು. ಈಗಿನ ಯಂತ್ರಗಳು ಯಾವ ತಂತಿಯಲ್ಲಿ ಮಾತು, ಯಾವುದರಲ್ಲಿ ಕೇಳುವುದು ಎಂಬುದನ್ನು ತಾವೇ ಹೊಂದಿಸಿಕೊಳ್ಳುತ್ತವೆ. ಹಳೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಕ್ರಾಸ್ ಕೇಬಲ್ ಅಂತ ಚೀಟಿ ಅಂಟಿಸಿದ ವೈರು ಇನ್ನೂ ನೇತಾಡುತ್ತಿದ್ದರೆ ಅದು ಆ ಕಾಲದ ಪಳೆಯುಳಿಕೆ.

ಇನ್ನು ಸಿಡಿಲು. ಮುಖ್ಯ ಕಟ್ಟಡದಿಂದ ಹಿಂದಿನ ಹೊಸ ಕೋಣೆಗೆ ಮರದ ಕೊಂಬೆಯ ಮೇಲಿಂದ ಲ್ಯಾನ್ ವೈರ್ ಎಳೆದಿರುವುದನ್ನು ನೀವೂ ನೋಡಿರುತ್ತೀರಿ. ಲ್ಯಾನ್ ಪೋರ್ಟು 1500 ವೋಲ್ಟಿನ ಏರಿಳಿತ ತಡೆಯುವಂತೆ ಇರಬೇಕೆಂದು ಮಾನಕ ಹೇಳುತ್ತದೆ. ಸಿಡಿಲಿನ ಮುಂದೆ ಅದು ಲೆಕ್ಕಕ್ಕಿಲ್ಲ. ಹತ್ತಿರದಲ್ಲೆಲ್ಲೋ ಬಡಿದರೂ ಎರಡು ಕಟ್ಟಡದ ಅರ್ಥಿಂಗ್ ನಡುವೆ ಏಳುವ ವ್ಯತ್ಯಾಸ ಈ ತಾಮ್ರದ ಮೂಲಕವೇ ಹರಿದು ಸ್ವಿಚ್ಚನ್ನೂ ಕಂಪ್ಯೂಟರನ್ನೂ ಸುಡಬಹುದು. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆಯಬೇಕು ಎನ್ನುವುದು ಅದಕ್ಕೇ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ.

ವೈರ್ ಸರಿಯಾಯಿತು ಅಂದುಕೊಳ್ಳೋಣ. ಈಗ ಅಂಕಿಗಳ ಸರದಿ.

ಲ್ಯಾನ್ ಕಾರ್ಡಿಗೆ ಕಾರ್ಖಾನೆಯಲ್ಲೇ 48 ಬಿಟ್ಟಿನ ಒಂದು ನಂಬರ್ ಕೊಟ್ಟಿರುತ್ತಾರೆ, ವಾಹನದ ಚಾಸಿ ನಂಬರ್ ಇದ್ದ ಹಾಗೆ. ಐಪಿ ನಂಬರ್ ಹಾಗಲ್ಲ. ಅದು ಮನೆ ನಂಬರ್ ಇದ್ದ ಹಾಗೆ, ಎಲ್ಲಿದ್ದೀರಿ ಎಂಬುದರ ಮೇಲೆ ಬದಲಾಗುತ್ತದೆ. 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಈಗಿನ ಐಪಿ ವ್ಯವಸ್ಥೆಗೆ ಬದಲಾಯಿತು. ಈ ಮನೆ ನಂಬರಿನವರ ಚಾಸಿ ನಂಬರ್ ಯಾವುದು ಅಂತ ಕೂಗಿ ಕೇಳುವ ವಿಧಾನವನ್ನು ಅದಕ್ಕೂ ಸ್ವಲ್ಪ ಮುಂಚೆ, 1982ರಲ್ಲಿ ಡೇವಿಡ್ ಪ್ಲಮ್ಮರ್ ಬರೆದಿದ್ದರು. ಎರಡು ಕಂಪ್ಯೂಟರಿಗೆ ಒಂದೇ ಐಪಿ ಕೊಟ್ಟರೆ ಆಗುವ ಜಗಳದ ಬೇರು ಇಲ್ಲಿದೆ: ಕೂಗಿದಾಗ ಇಬ್ಬರೂ ‘ನಾನೇ’ ಅನ್ನುತ್ತಾರೆ.

ಮೊದಮೊದಲು ಐಪಿಯನ್ನು ಪ್ರತಿ ಕಂಪ್ಯೂಟರಿನ ಮುಂದೆ ಕುಳಿತು ಕೈಯಿಂದಲೇ ತುಂಬಬೇಕಿತ್ತು. ಯಾರಿಗೆ ಯಾವುದು ಕೊಟ್ಟಿದೆ ಅಂತ ಒಂದು ರಿಜಿಸ್ಟರ್. ರಿಜಿಸ್ಟರ್ ಇಟ್ಟವರು ವರ್ಗವಾಗಿ ಹೋದರೆ ಮುಗಿಯಿತು. 1993ರಲ್ಲಿ ಡಿಎಚ್‌ಸಿಪಿ ಎಂಬ ಪದ್ಧತಿ ಬಂತು. ಇದರ ನಿಯಮಾವಳಿ ಬರೆದವರು ರಾಲ್ಫ್ ಡ್ರೋಮ್ಸ್. ವೈರ್ ಚುಚ್ಚಿದ ಕೂಡಲೇ ಕಂಪ್ಯೂಟರ್ ‘ನನಗೊಂದು ವಿಳಾಸ ಕೊಡಿ’ ಎಂದು ಕೂಗುತ್ತದೆ, ರೌಟರ್ ಒಂದನ್ನು ಬಾಡಿಗೆಗೆ ಕೊಡುತ್ತದೆ. ಜೊತೆಗೆ ಹೊರಗೆ ಹೋಗುವ ಬಾಗಿಲು ಯಾವುದು, ಹೆಸರು ಕೇಳಬೇಕಾದವರು ಯಾರು ಎಂಬುದನ್ನೂ ಹೇಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಆಟೊಮ್ಯಾಟಿಕ್’ ಎಂದು ಇರುವುದು ಇದೇ. ಕೂಗಿದರೂ ಯಾರೂ ಉತ್ತರ ಕೊಡದಿದ್ದರೆ ವಿಂಡೋಸ್ 169.254 ಎಂದು ಶುರುವಾಗುವ ಒಂದು ನಂಬರನ್ನು ತಾನೇ ಹಾಕಿಕೊಳ್ಳುತ್ತದೆ. ಈ ನಂಬರ್ ಕಂಡರೆ ಹೀಗೆ ಓದಿಕೊಳ್ಳಿ: ‘ನನಗೆ ವಿಳಾಸ ಕೊಡುವವರು ಸಿಗಲಿಲ್ಲ’. ಸರ್ವರಿನ ಮಾತೇ ಬರುವುದಿಲ್ಲ, ಪಕ್ಕದ ಪೆಟ್ಟಿಗೆಯವರೆಗೂ ನೀವು ಮುಟ್ಟಿಲ್ಲ.

192.168 ಎಂದು ಶುರುವಾಗುವ ನಂಬರ್ ಎಲ್ಲ ಆಫೀಸಿನಲ್ಲೂ ಯಾಕೆ ಕಾಣುತ್ತದೆ ಎಂದು ಕೇಳುವವರಿದ್ದಾರೆ. ಜಗತ್ತಿನ ಐಪಿಗಳು ತೀರಿಹೋಗುವ ಭಯ 90ರ ದಶಕದ ಶುರುವಿನಲ್ಲೇ ಹುಟ್ಟಿತ್ತು. ಒಳಗಿನ ಬಳಕೆಗೆಂದೇ ಕೆಲವು ಸರಣಿಗಳನ್ನು ಮೀಸಲಿಟ್ಟರು. 1996ರ ನಿಯಮವೇ ಇವತ್ತಿಗೂ ನಡೆಯುತ್ತಿದೆ. ಪ್ರತಿ ಊರಲ್ಲೂ ಒಂದೊಂದು ಹಳೇಪೇಟೆ ಇರುವಂತೆ ಪ್ರತಿ ಆಫೀಸಿಗೂ ಒಂದು 192.168.

ಹೆಸರಿನ ಕತೆ ಬೇರೆ. ಮೊದಲು ಜಾಲದಲ್ಲಿರುವ ಎಲ್ಲ ಕಂಪ್ಯೂಟರುಗಳ ಹೆಸರು ಮತ್ತು ನಂಬರು ಒಂದೇ ಫೈಲಿನಲ್ಲಿದ್ದವು. ಕ್ಯಾಲಿಫೋರ್ನಿಯಾದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಹೊಸಬರು ಅವರಿಗೆ ತಿಳಿಸಬೇಕು, ಅವರು ಸೇರಿಸಬೇಕು, ಉಳಿದವರು ಆ ಫೈಲನ್ನು ಇಳಿಸಿಕೊಳ್ಳಬೇಕು. 1983ರಲ್ಲಿ ಪಾಲ್ ಮಾಕಪೆಟ್ರಿಸ್ ರೂಪಿಸಿದ ಡಿಎನ್‌ಎಸ್ ಆ ಹೊರೆಯನ್ನು ಹಂಚಿತು. ವೆಬ್‌ಸೈಟ್ ತೆರೆಯದಿದ್ದಾಗ ಎಷ್ಟೋ ಸಲ ಜಾಲ ಸರಿಯಾಗಿಯೇ ಇದ್ದು ಈ ಹೆಸರಿನ ಡೈರೆಕ್ಟರಿ ಮಾತ್ರ ಕೈಕೊಟ್ಟಿರುತ್ತದೆ.

ಇನ್ನೊಬ್ಬ ಮಹಿಳೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಒಂದೇ ವೈರಿನ ಎರಡೂ ತುದಿಯನ್ನು ಅದೇ ಸ್ವಿಚ್ಚಿಗೆ ಚುಚ್ಚಿದರೆ ಏನಾಗುತ್ತದೆ? ಒಂದು ಕೂಗು ಸುತ್ತು ಹೊಡೆಯುತ್ತಾ, ಪ್ರತಿ ಸುತ್ತಿಗೂ ಮರುಕೂಗಾಗುತ್ತಾ ಕೆಲವೇ ಕ್ಷಣದಲ್ಲಿ ಇಡೀ ಆಫೀಸಿನ ಜಾಲ ಉಸಿರುಕಟ್ಟುತ್ತದೆ. 1985ರಲ್ಲಿ ಡಿಜಿಟಲ್ ಕಂಪನಿಯ ರಾಡಿಯಾ ಪರ್ಲ್‌ಮನ್ ಇದಕ್ಕೆ ಪರಿಹಾರ ಕೊಟ್ಟರು: ಸ್ವಿಚ್ಚುಗಳು ತಮ್ಮೊಳಗೇ ಮಾತಾಡಿಕೊಂಡು ಸುತ್ತುದಾರಿಯನ್ನು ಗುರುತಿಸಿ, ಒಂದನ್ನು ಮುಚ್ಚಿ, ಜಾಲವನ್ನು ಮರದ ಕೊಂಬೆಗಳ ಹಾಗೆ ಮಾಡಿಕೊಳ್ಳುತ್ತವೆ. ಆ ವಿಧಾನದ ಬಗ್ಗೆ ಆಕೆ ಒಂದು ಪದ್ಯವನ್ನೂ ಬರೆದರು. ಆದರೆ ನಮ್ಮ ಕಚೇರಿಗಳಿಗೆ ಕೊಳ್ಳುವ ಐದು ಪೋರ್ಟಿನ ಅಗ್ಗದ ಸ್ವಿಚ್ಚಿನಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ. ಸ್ವಚ್ಛತೆ ಮಾಡಿದವರು ನೇತಾಡುವ ವೈರಿನ ತುದಿ ಕಂಡು, ಪಾಪ ಬಿದ್ದುಹೋಗಿದೆ ಅಂತ ಖಾಲಿ ತೂತಿಗೆ ಚುಚ್ಚಿಬಿಟ್ಟರೆ ಆ ದಿನ ‘ಸರ್ವರ್ ಇಲ್ಲ’.

ಹಾಗಾದರೆ ಈ ‘ಸರ್ವರ್’ ನಮ್ಮ ಹಳ್ಳಿಯವರ ಬಾಯಿಗೆ ಬಂದದ್ದು ಯಾವಾಗ? ‘ಭೂಮಿ’ ಯೋಜನೆಯಿಂದ ಅಂತ ನಮ್ಮ ಅಂದಾಜು. ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ, 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು 2000ದ ಆಸುಪಾಸಿನಲ್ಲಿ ಕಂಪ್ಯೂಟರಿಗೆ ಏರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಆಗಿನ ವ್ಯವಸ್ಥೆಯಲ್ಲಿ ಒಂದು ಸಂಗತಿ ಗಮನಿಸಬೇಕು. ಆ ತಾಲ್ಲೂಕಿನ ಪಹಣಿ ಇದ್ದ ಸರ್ವರ್ ಆ ತಾಲ್ಲೂಕು ಕಚೇರಿಯಲ್ಲೇ ಇತ್ತು. ಕಿಟಕಿಯ ಕಂಪ್ಯೂಟರಿನಿಂದ ಅದಕ್ಕೆ ಲ್ಯಾನ್ ವೈರು. ‘ಸರ್ವರ್ ಇಲ್ಲ’ ಅಂದರೆ ಒಳಗಿನ ಕೋಣೆಯ ಒಂದು ಯಂತ್ರ ನಿಂತಿದೆ ಎಂದರ್ಥ. ಬೇಕಿದ್ದರೆ ಇಣುಕಿ ನೋಡಬಹುದಿತ್ತು. ಕ್ರಮೇಣ ದತ್ತಾಂಶವೆಲ್ಲ ರಾಜಧಾನಿಯ ಕೇಂದ್ರಕ್ಕೆ ಸೇರಿತು. ಮಾತು ಅದೇ ಉಳಿಯಿತು, ಅದು ತೋರಿಸುವ ವಸ್ತು ನೂರಾರು ಕಿಲೋಮೀಟರ್ ದೂರ ಹೋಯಿತು. ಅಲ್ಲಿಂದ ಮುಂದೆ ನಡುವೆ ಏನೇ ಕೆಟ್ಟರೂ ಹೆಸರು ಕೆಡುವುದು ಕಣ್ಣಿಗೆ ಕಾಣದ ಸರ್ವರಿನದ್ದು.

2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ದೇಶದ ಸುಮಾರು 2.5 ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ ಮುಂದೆ ಭಾರತ್‌ನೆಟ್ ಆಯಿತು. ಪ್ರತಿ ಪಂಚಾಯ್ತಿಗೆ 100 ಮೆಗಾಬಿಟ್ ಎಂಬುದು ಗುರಿ. ಫೈಬರ್ ಎಲ್ಲೆಲ್ಲಿ ತುಂಡಾಗಿದೆ, ರಸ್ತೆ ಅಗಲ ಮಾಡುವಾಗ ಯಾರು ಅಗೆದರು ಎಂಬುದೆಲ್ಲ ದೊಡ್ಡ ಕತೆ, ಈ ಬ್ಲಾಗಿನಲ್ಲಿ ಬೇರೆಯಾಗಿಯೇ ಬರೆಯಬೇಕಾದದ್ದು. ಇಲ್ಲಿ ಹೇಳುವುದು ಇಷ್ಟೇ. ಫೈಬರ್ ಬಂದು ನಿಲ್ಲುವುದು ಗೋಡೆಯ ಒಂದು ಪೆಟ್ಟಿಗೆಯಲ್ಲಿ. ಬೆಳಕು ಅಲ್ಲಿ ಮತ್ತೆ ಕರೆಂಟಾಗುತ್ತದೆ. ಅಲ್ಲಿಂದ ಕಂಪ್ಯೂಟರಿಗೆ ಬರುವುದು ಅದೇ ಎಂಟು ಬಣ್ಣದ ತಂತಿ. ಫೈಬರಿಗೆ ಟೆಂಡರ್ ಇದೆ, ಗುತ್ತಿಗೆದಾರರಿದ್ದಾರೆ, ಮೈಲಿ ಲೆಕ್ಕದ ವರದಿ ಇದೆ. ಪೆಟ್ಟಿಗೆಯಿಂದ ಮೇಜಿನವರೆಗಿನ ಹದಿನೈದು ಅಡಿಗೆ ಹೊಣೆ ಯಾರದ್ದು ಅಂತ ನಾವು ಕೇಳಿದ ಕಡೆಯೆಲ್ಲ ಬೆರಳು ಇನ್ನೊಬ್ಬರತ್ತ ತಿರುಗಿದೆ.

ಈ ಹದಿನೈದು ಅಡಿಯನ್ನು ಪರೀಕ್ಷಿಸಲು ಎಂಜಿನಿಯರ್ ಬೇಕಿಲ್ಲ, ಇತಿಹಾಸದ ಕ್ರಮದಲ್ಲೇ ನೋಡುತ್ತಾ ಹೋದರಾಯಿತು. ಕಂಪ್ಯೂಟರಿನ ಹಿಂದೆ ವೈರ್ ಚುಚ್ಚಿದ ಜಾಗದಲ್ಲಿ ಪುಟ್ಟ ದೀಪ ಉರಿಯುತ್ತಿದೆಯೇ? ಇಲ್ಲದಿದ್ದರೆ ವೈರು, ಜ್ಯಾಕು ಅಥವಾ ಸ್ವಿಚ್ಚಿನ ಕರೆಂಟು. ದೀಪ ಇದ್ದರೆ ಐಪಿ ನಂಬರ್ ನೋಡಬೇಕು. 169.254 ಇದ್ದರೆ ರೌಟರಿನತ್ತ ನಡೆಯಿರಿ. ನಂಬರ್ ಸರಿ ಇದ್ದರೆ ಗೇಟ್‌ವೇಗೆ ‘ಪಿಂಗ್’ ಮಾಡಿ ನೋಡಬೇಕು. ಪಿಂಗ್ ಎಂಬುದು ಅಮೆರಿಕ ಸೇನೆಯ ಪ್ರಯೋಗಾಲಯದಲ್ಲಿದ್ದ ಮೈಕ್ ಮ್ಯೂಸ್ 1983ರ ಡಿಸೆಂಬರಿನಲ್ಲಿ ಬರೆದ ಪುಟ್ಟ ಪ್ರೋಗ್ರಾಂ, ಜಲಾಂತರ್ಗಾಮಿಗಳು ಸದ್ದು ಕಳಿಸಿ ಪ್ರತಿಧ್ವನಿ ಕೇಳುತ್ತವಲ್ಲ, ಆ ಸದ್ದಿನ ಹೆಸರು. ಗೇಟ್‌ವೇ ಉತ್ತರಿಸಿದರೆ ನಿಮ್ಮ ಕಟ್ಟಡದೊಳಗಿನ ದಾರಿ ಸರಿ ಇದೆ. ಅಲ್ಲಿಂದಾಚೆಯ ಒಂದು ಐಪಿ ಉತ್ತರಿಸಿದರೆ ಫೈಬರೂ ಸರಿ. ನಂಬರಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಡಿಎನ್‌ಎಸ್. ಬೇರೆ ವೆಬ್‌ಸೈಟ್ ಎಲ್ಲ ತೆರೆದು ಇಲಾಖೆಯದ್ದು ಮಾತ್ರ ತೆರೆಯದಿದ್ದರೆ, ಪಕ್ಕದ ಪಂಚಾಯ್ತಿಯಲ್ಲೂ ತೆರೆಯದಿದ್ದರೆ, ಆಗ ಮಾತ್ರ ‘ಸರ್ವರ್ ಇಲ್ಲ’ ಅನ್ನಬಹುದು. ಐದು ನಿಮಿಷದ ಕೆಲಸ.

ಕಿಟಕಿಯ ಈಚೆ ನಿಂತವರು ಕಂಪ್ಯೂಟರ್ ಮುಟ್ಟುವಂತಿಲ್ಲ, ನಿಜ. ಆದರೆ ಕೇಳಬಹುದು. ‘ಅಕ್ಕಾರ, ಹಿಂದ ದೀಪ ಉರೀಲಿಕತ್ತದೇನ್ರಿ?’ ಅಂತ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆಪರೇಟರುಗಳ ಮೇಲೆ ಹರಿಹಾಯುವುದರಲ್ಲಿ ಅರ್ಥವೂ ಇಲ್ಲ. ಅವರಲ್ಲಿ ಬಹುತೇಕರಿಗೆ ಸಾಫ್ಟ್‌ವೇರಿನ ತರಬೇತಿ ಕೊಟ್ಟಿರುತ್ತಾರೆ, ವೈರಿನ ತರಬೇತಿ ಕೊಟ್ಟಿರುವುದಿಲ್ಲ. ಕಚೇರಿಯ ಖರೀದಿ ಪಟ್ಟಿಯಲ್ಲಿ ಪ್ರಿಂಟರಿನ ಟೋನರ್ ಇರುತ್ತದೆ, ಪೇಪರ್ ರಿಮ್ ಇರುತ್ತದೆ. ಒಂದು ಕ್ರಿಂಪಿಂಗ್ ಟೂಲ್, ಒಂದು ಪ್ಯಾಕೆಟ್ ಕನೆಕ್ಟರ್, ಪರೀಕ್ಷಿಸಿ ಇಟ್ಟ ಒಂದು ಹೆಚ್ಚುವರಿ ವೈರ್ ಇದ್ದ ಕಚೇರಿ ನಮಗೆ ಕಂಡದ್ದು ಅಪರೂಪ. ಮುಂದಿನ ಗ್ರಾಮಸಭೆಯಲ್ಲಿ ಪಂಚಾಯ್ತಿಯ ಖರ್ಚಿನ ಪಟ್ಟಿ ಓದುವಾಗ ಯಾರಾದರೂ ಎದ್ದು ಈ ಮೂರು ವಸ್ತುಗಳ ಬಗ್ಗೆ ಕೇಳಿದರೆ, ಪಿಡಿಒ ಏನು ಉತ್ತರ ಕೊಟ್ಟರು ಅಂತ ನಮಗೂ ತಿಳಿಸಿ.